ಹೈಸ್ಕೂಲು ಆಂಗ್ಲಪದ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ಮೊದಲಿಗೆ ನಾಲ್ಕು ಸಂಗತಿಗಳನ್ನು ಹೇಳಿಬಿಡಬೇಕೆಂದು ಹಿರಿಯರ ಕಟ್ಟಪ್ಪಣೆ: ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ. ಇಲ್ಲಿ ವಿಷಯ, ಹೈಸ್ಕೂಲು ವಿದ್ಯಾರ್ಥಿಯ ಇಂಗ್ಲಿಷ್ ಪದಸಂಪತ್ತು. ಪ್ರಯೋಜನ, ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯ 100 ಅಂಕ. (ಪ್ರಥಮ ಭಾಷೆ ಕನ್ನಡಕ್ಕೆ 125 ಅಂಕವಿದೆ; ಟ್ಯೂಷನ್ನು ಮಾತ್ರ 100ರ ಕಡೆಗೇ ಓಡುತ್ತದೆ. ಗಣಿತಶಾಸ್ತ್ರ ನಮ್ಮ ವ್ಯಾಪ್ತಿಗೆ ಬಾರದ ಕಾರಣ ಇದನ್ನು ಇಲ್ಲಿಗೇ ಬಿಡುತ್ತೇವೆ.) ಅಧಿಕಾರಿ ಎಂದರೆ ಈ ಶಾಸ್ತ್ರ ಓದಲು ಅರ್ಹತೆಯುಳ್ಳವನು, ನಾಲ್ಕು ಗೆರೆಯ ಕಾಪಿಪುಸ್ತಕ ಮುಗಿಸಿ ಇನ್ನೂರು ಪುಟದ ನೋಟ್‌ಬುಕ್ಕಿಗೆ ಬಡ್ತಿ ಪಡೆದವನು. ಇನ್ನು ಸಂಬಂಧ. ವಿಷಯಕ್ಕೂ ಅಧಿಕಾರಿಗೂ ಇರುವ ಸಂಬಂಧವು ಇಂಗ್ಲಿಷ್ ಪೇಪರು ಮುಗಿದ ದಿನ ಮಧ್ಯಾಹ್ನ ಹರಿದುಹೋಗುತ್ತದೆ.

ರಾಜ್ಯದ ಸರ್ಕಾರಿ ಶಾಲೆಗಳಲ್ಲೂ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂದಿದೆ. ಹಾಗಾಗಿ ಎಂಟನೇ ತರಗತಿಗೆ ಕಾಲಿಡುವ ಮಗು ಏಳು ವರ್ಷ ಇಂಗ್ಲಿಷ್ ಕಲಿತು ಬಂದಿರುತ್ತದೆ. ಆದರೂ ಮೊದಲ ಪೀರಿಯಡ್ಡು "ಇವಕ್ಕೆ ಬೇಸಿಕ್ಕೇ ಇಲ್ಲ" ಎಂಬ ಮಂಗಳಾಚರಣೆಯಿಂದಲೇ ಆರಂಭವಾಗತಕ್ಕದ್ದು. ಹೈಸ್ಕೂಲಿನವರು ಪ್ರೈಮರಿಯವರನ್ನೂ, ಪಿಯುಸಿಯವರು ಹೈಸ್ಕೂಲಿನವರನ್ನೂ ಹೀಗೆ ಸ್ಮರಿಸುವುದು ಗುರುಪರಂಪರೆ.

ಈಗ ಪದಲಕ್ಷಣ. ಸೂತ್ರ: ಮೂರು ಕಾಲಮ್ಮಿನಲ್ಲಿ ನಿಂತದ್ದೇ ಪದ.

ವೃತ್ತಿ: ಹಾಳೆಗೆ ಸ್ಕೇಲಿಟ್ಟು ಕೆಂಪು ಪೆನ್ನಿನಲ್ಲಿ ಉದ್ದಕ್ಕೆ ಎರಡು ಗೆರೆ ಎಳೆಯಬೇಕು. ಎಡಗಡೆ ಇಂಗ್ಲಿಷ್ ಸ್ಪೆಲ್ಲಿಂಗು, ನಡುವೆ ಅದೇ ಪದ ಕನ್ನಡ ಲಿಪಿಯಲ್ಲಿ, ಬಲಗಡೆ ಕನ್ನಡ ಅರ್ಥ. ನಡುವಿನ ಕಾಲಮ್ಮಿನಲ್ಲಿ ಬುಧವಾರವು 'ವೆಡ್ನೆಸ್ ಡೇ' ಎಂದಿರುತ್ತದೆ. ಅದು ತಪ್ಪು ಉಚ್ಚಾರವೆಂದು ಕೆಲವು ನವ್ಯರು ಗದ್ದಲ ಮಾಡುವುದುಂಟು. ಹಾಗೆ ಉಚ್ಚರಿಸಿದ ಒಬ್ಬ ಹುಡುಗನಾದರೂ ಸ್ಪೆಲ್ಲಿಂಗಿನಲ್ಲಿ ಡಿ ಅಕ್ಷರ ಬಿಟ್ಟದ್ದನ್ನು ಅವರು ತೋರಿಸಲಿ, ಆಮೇಲೆ ಮಾತಾಡೋಣ.

ಬಲಗಡೆಯ ಕಾಲಮ್ಮು ಇನ್ನೂ ಗಹನ. ಗೈಡಿನ ಪ್ರಕಾರ 'ಮ್ಯಾಗ್ನಾನಿಮಸ್' ಎಂದರೆ ಉದಾತ್ತಚಿತ್ತ, 'ಆಂಬಿಗ್ಯುಅಸ್' ಎಂದರೆ ಸಂದಿಗ್ಧಾರ್ಥಕ, 'ಫಿಲಾಂತ್ರಪಿಸ್ಟ್' ಎಂದರೆ ಲೋಕೋಪಕಾರಿ. ಹುಡುಗ ಇಂಗ್ಲಿಷಿನ ಬಾವಿಯಿಂದ ಮೇಲೆ ಬಂದವನು ನೇರವಾಗಿ ಸಂಸ್ಕೃತದ ಬಾವಿಗೆ ಬೀಳುತ್ತಾನೆ. ಎರಡರಲ್ಲೂ ತಳ ಕಾಣುವುದಿಲ್ಲ. ಆದರೆ ಎರಡನೆಯದು ಮಾತೃಭಾಷೆಯ ಬಾವಿ ಎಂಬ ಸಮಾಧಾನವಿದೆ. ದೊಡ್ಡ ಮನಸ್ಸಿನವನು, ಎರಡರ್ಥ ಬರುವಂಥದ್ದು ಎಂದು ಬರೆದರೆ ಅವನಿಗೆ ತಿಳಿದುಬಿಡುವ ಅಪಾಯವಿರುವುದರಿಂದ ಗೈಡುಕಾರರು ಹಾಗೆ ಬರೆಯಲಾರರು.

ಯಾವ ಪದಗಳನ್ನು ಆರಿಸಬೇಕೆಂಬ ವಿಷಯದಲ್ಲಿ ಪಾಶ್ಚಾತ್ಯ ಪಂಡಿತರು ದಾರಿ ತಪ್ಪಿದ್ದಾರೆ. ಸಿ. ಕೆ. ಆಗ್ಡನ್ ಎಂಬುವರು 1930ರಲ್ಲಿ 850 ಪದಗಳ 'ಬೇಸಿಕ್ ಇಂಗ್ಲಿಷ್' ಒಂದನ್ನು ಮುಂದಿಟ್ಟು, ನಿತ್ಯದ ವ್ಯವಹಾರಕ್ಕೆ ಇಷ್ಟು ಸಾಕೆಂದರು. ಢಾಕಾದಲ್ಲಿ ಮೇಷ್ಟರಾಗಿದ್ದು ಬಂಗಾಳಿ ಮಕ್ಕಳ ಕಷ್ಟವನ್ನು ಕಣ್ಣಾರೆ ಕಂಡ ಮೈಕೇಲ್ ವೆಸ್ಟ್ ಸ್ವಲ್ಪ ಧಾರಾಳಿ. 1953ರಲ್ಲಿ ಅವರು ಅಚ್ಚು ಹಾಕಿಸಿದ ಪಟ್ಟಿಯಲ್ಲಿ ಸುಮಾರು 2000 ಪದಗಳಿವೆ. ಹೆಚ್ಚಾಗಿ ಕಣ್ಣಿಗೆ ಬೀಳುವ ಪದಗಳನ್ನೇ ಮೊದಲು ಕಲಿಸಿ ಎಂಬುದು ಅವರ ವಾದ. ಆ ಎರಡು ಸಾವಿರ ಗಟ್ಟಿಯಾದರೆ ಸಾಮಾನ್ಯ ಬರಹದಲ್ಲಿ ಹತ್ತಕ್ಕೆ ಎಂಟು ಪದಗಳಷ್ಟು ಹಿಡಿತಕ್ಕೆ ಸಿಗುತ್ತವೆಂದು ಲೆಕ್ಕ.

ಇದಕ್ಕೆ ನಮ್ಮ ಶಾಸ್ತ್ರದ ಖಂಡನೆ ಹೀಗಿದೆ. ಎಲ್ಲೆಂದರಲ್ಲಿ ಸಿಗುವುದನ್ನು ಕಲಿಸಲು ಶಾಲೆ ಯಾಕೆ ಬೇಕು? ಎಲ್ಲಿಯೂ ಸಿಗದ್ದೇ ಉತ್ತಮ ಪದ. ಆದ್ದರಿಂದಲೇ ನಮ್ಮ ಹತ್ತನೆಯ ತರಗತಿಯ ಹುಡುಗಿಗೆ 'ಸ್ಯಾಂಗ್ವಿನ್' ಗೊತ್ತಿರುತ್ತದೆ. ಬ್ಯಾಂಕಿನ ಚಲನ್ನಿನಲ್ಲಿ 'ಡಿಪಾಸಿಟರ್' ಎಂದಿರುವ ಕಡೆ ಯಾರ ಹೆಸರು ಬರೆಯಬೇಕೆಂದು ಗೊತ್ತಿರುವುದಿಲ್ಲ. ಹೆಡ್‌ಮಾಸ್ಟರ ಕೋಣೆಯ ಪಕ್ಕದಲ್ಲಿ 'ದಿನಕ್ಕೊಂದು ಪದ' ಎಂಬ ಕಪ್ಪುಹಲಗೆ ಇರುವ ಶಾಲೆಗಳಲ್ಲಿ ಈ ತತ್ತ್ವ ಇನ್ನೂ ಮುಂದುವರಿದಿದೆ. ಅಂಥದೊಂದು ಹಲಗೆಯ ಮೇಲೆ ಜೂನ್ ತಿಂಗಳಲ್ಲಿ ಬರೆದ 'ಪಂಕ್ಚುಯಾಲಿಟಿ'ಯು ದಸರಾ ರಜೆಯವರೆಗೂ ಒಂದು ದಿನ ತಪ್ಪದೆ ಹಾಜರಿತ್ತು.

ಪದಗಳನ್ನು ಉಳಿಸಿಕೊಳ್ಳುವ ಬಗೆಯಲ್ಲಿ ಎರಡು ಪಂಥಗಳಿವೆ. ಮೊದಲನೆಯದು ಪದಚ್ಛೇದ ಪಂಥ. ಹಿಂದೆ ನಮ್ಮ ಜಗಲಿಗಳಲ್ಲಿ ಮಕ್ಕಳು ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದರು. ಒಂದು ವಸ್ತುವಿಗೆ ಎಷ್ಟು ಹೆಸರಿದೆಯೋ ಎಲ್ಲವೂ ಶ್ಲೋಕದ ಲಯ ಹಿಡಿದು ಒಂದರ ಬೆನ್ನಿಗೊಂದು ಬರುತ್ತಿದ್ದವು. ಇಂಗ್ಲಿಷಿಗೆ ಅಂಥ ಶ್ಲೋಕವಿಲ್ಲದಿರುವುದರಿಂದ ಪದವನ್ನೇ ತುಂಡರಿಸುವ ಕ್ರಮ ಹುಟ್ಟಿತು. 'ಅಸ್ಯಾಸಿನೇಷನ್' ಬರೆಯಬೇಕಾದಾಗ ಮೊದಲು ಒಂದು ಕತ್ತೆ, ಅದರ ಹಿಂದೆ ಇನ್ನೊಂದು ಕತ್ತೆ, ಅದರ ಹಿಂದೆ ನಾನು, ನನ್ನ ಹಿಂದೆ ದೇಶ. 'ಲೆಫ್ಟಿನೆಂಟ್'ಗೆ ಸುಳ್ಳು, ನೀನು, ಹತ್ತು, ಇರುವೆ. ಈ ಸೂತ್ರಗಳ ಕರ್ತೃ ಯಾರೋ ತಿಳಿಯದು. ಹಳ್ಳಿಯಿಂದ ಹಳ್ಳಿಗೆ, ಬೆಂಚಿನಿಂದ ಬೆಂಚಿಗೆ ಬಾಯಿಂದ ಬಾಯಿಗೆ ಬಂದಿವೆ. ಇವುಗಳ ಬಲದಿಂದ ಸ್ಪೆಲ್ಲಿಂಗು ಸಾಯುವತನಕ ಮರೆಯುವುದಿಲ್ಲವೆಂಬುದಕ್ಕೆ ಐವತ್ತು ದಾಟಿದ ಯಾವ ಕನ್ನಡಿಗನಾದರೂ ಸಾಕ್ಷಿ ನುಡಿದಾನು. ಅರ್ಥ ಕೇಳಿದರೆ ಮಾತ್ರ ಕೆಲವರು ಮತ್ತೆ ಕತ್ತೆಗಳ ಹತ್ತಿರವೇ ಹೋಗುತ್ತಾರೆ.

ಎರಡನೆಯದು ಆವೃತ್ತಿ ಪಂಥ, ಅಂದರೆ ಒಂದೊಂದು ಪದವನ್ನೂ ಹತ್ತತ್ತು ಸಲ ಬರೆಯುವವರು. ಇಲ್ಲಿ ಹರ್ಮಾನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಮರೆವಿನ ಗತಿಯನ್ನು ಅಳೆಯಲು ಅವರು ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ತಾವೇ ಹೆಣೆದು, ತಾವೇ ಉರುಹೊಡೆದು, ತಾವೇ ಮರೆತು, 1885ರಲ್ಲಿ ಫಲಿತಾಂಶವನ್ನು ಪುಸ್ತಕ ಮಾಡಿದರು. ಒಂದು ದಿನ ಕಳೆಯುವಷ್ಟರಲ್ಲಿ ಕಲಿತದ್ದರಲ್ಲಿ ಮೂರನೆಯ ಒಂದು ಪಾಲು ಉಳಿದರೆ ಹೆಚ್ಚು ಎಂದು ಕಂಡಿತು. ಒಂದೇ ಏಟಿಗೆ ಉರುಹೊಡೆಯುವುದಕ್ಕಿಂತ ನಡುನಡುವೆ ಬಿಡುವು ಕೊಟ್ಟು ಬೇರೆ ಬೇರೆ ದಿನ ತಿರುವಿಹಾಕುವುದು ಮೇಲು ಎಂಬುದನ್ನೂ ಅವರೇ ತೋರಿಸಿದ್ದು. ಪಾಪ, ಅರ್ಥವಿಲ್ಲದ ಅಕ್ಷರಗುಚ್ಛಗಳಿಗಾಗಿ ಅವರು ಅಷ್ಟು ತೊಂದರೆ ತೆಗೆದುಕೊಳ್ಳಬೇಕಾಗಿರಲಿಲ್ಲ. ನಮ್ಮ ಮೂರು ಕಾಲಮ್ಮಿನ ನೋಟ್‌ಬುಕ್ಕು ಕೈಗೆ ಸಿಕ್ಕಿದ್ದರೆ ಸಾಕಿತ್ತು.

ಪ್ರಸಂಗವಶಾತ್ ಒಂದು ವಿಸ್ಮಯ ಹೇಳಬೇಕು. ಹತ್ತು ಸಲ ಬರೆಸುವ ಈ ಶಿಕ್ಷೆಗೆ 'ಇಂಪೊಸಿಷನ್' ಎಂದು ಹೆಸರು. ಈ ಪದ ಯಾವ ಮಗುವಿನ ಮೂರು ಕಾಲಮ್ಮಿನಲ್ಲೂ ಬರೆದದ್ದು ಕಾಣಲಿಲ್ಲ, ಯಾರೂ ಇದರ ಅರ್ಥ ಹೇಳಿಕೊಟ್ಟದ್ದಿಲ್ಲ. ಆದರೆ ಕೊನೆಯ ಬೆಂಚಿನವನಿಗೂ ಇದು ಅಂಗೈ ಮೇಲಿನ ನೆಲ್ಲಿಕಾಯಿ. ಕಾರಣ ಶೋಧಿಸಬೇಕಾಗಿದೆ.

ಇನ್ನು ಪೂರ್ವಪಕ್ಷ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಮುರಿಯಬೇಕೆಂಬುದು ನಮ್ಮವರ ಪದ್ಧತಿ. ಎದುರಾಳಿ ಹೇಳುತ್ತಾನೆ: ಸ್ವಾಮಿ, ಈ ಹುಡುಗನಿಗೆ ಇಂಗ್ಲಿಷ್ ಪದ ಬರುವುದಿಲ್ಲ ಎಂದವರು ಯಾರು? ಬೆಳಗಿನ ಜಾವ ತೋಟಕ್ಕೆ ಹೋಗಿ ತ್ರೀ ಫೇಸ್ ಬಂದಿದೆಯೇ ನೋಡಿ, ಸ್ಟಾರ್ಟರಿನ ಹಸಿರು ಬಟನ್ ಒತ್ತಿ ಬರುವವನು ಅವನು. ಮೋಟರು ಓವರ್‌ಲೋಡಾಗಿ ಟ್ರಿಪ್ಪಾದರೆ ಮೊದಲು ಫ್ಯೂಸು, ಆಮೇಲೆ ವೈಂಡಿಂಗು, ಆಮೇಲೆ ಬೇರಿಂಗು ಎಂದು ಕ್ರಮವಾಗಿ ಪರೀಕ್ಷಿಸುತ್ತಾನೆ. ಹತ್ತು ಗಂಟೆಗೆ ಅದೇ ಹುಡುಗ ಶಾಲೆಗೆ ಬಂದರೆ, 'ಫೇಸ್: ಘಟ್ಟ, ಅವಸ್ಥೆ' ಎಂದು ಬರೆಸಿ, ಹೊಸ ಪದ ಕಲಿಸಿದೆವೆಂದು ಬೀಗುತ್ತೀರಿ. ಅವನಿಗೆ ಅದು ಎಲ್ಲೋ ಕೇಳಿದ ಪದ ಎನಿಸುವುದೂ ಇಲ್ಲ, ಯಾಕೆಂದರೆ ತೋಟದ್ದು ಶಾಲೆಗೆ ಬರಬಾರದೆಂದು ಅವನಿಗೆ ಮೊದಲೇ ಕಲಿಸಿದ್ದೀರಿ.

ಎದುರಾಳಿ ಇಷ್ಟಕ್ಕೆ ಬಿಡುವುದಿಲ್ಲ. ಮನೆಯ ಪಡಸಾಲೆಯಲ್ಲಿ ಯೂರಿಯಾ ಚೀಲ ಇದೆ, 45 ಕಿಲೋದ್ದು. ಅದರ ಮೇಲೆ 'ನೀಮ್ ಕೋಟೆಡ್' ಎಂದು ದಪ್ಪಕ್ಷರದಲ್ಲಿದೆ, 46 ಪರ್ಸೆಂಟ್ ನೈಟ್ರೋಜನ್ ಎಂದಿದೆ, 'ಯೂಸ್ ನೋ ಹುಕ್ಸ್' ಎಂದಿದೆ. ಹುಡುಗ ಆ ಚೀಲದ ಮೇಲೆ ಕೂತೇ ನಿಮ್ಮ ಪದಪಟ್ಟಿ ಉರುಹೊಡೆಯುತ್ತಾನೆ. ಕೋಟು ಅವನಿಗೆ ಗೊತ್ತು. ಯೂರಿಯಾ ಕಾಳಿಗೆ ಬೇವಿನೆಣ್ಣೆಯ ಕೋಟು ತೊಡಿಸಿದ್ದಾರೆ, ಅದಕ್ಕೇ 'ಕೋಟೆಡ್' ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಂದ ಕೋಟಿಂಗಿಗೆ, ಪೇಂಟಿನ ಅಂಗಡಿಯ ಸೆಕೆಂಡ್ ಕೋಟಿಗೆ ಅವನೇ ಹೋಗುತ್ತಿದ್ದ. ಒಂದೇ ಪದ ಹೊಲದಲ್ಲಿ, ಅಂಗಡಿಯಲ್ಲಿ, ಪಾಠದಲ್ಲಿ ಬೇರೆ ಬೇರೆ ವೇಷದಲ್ಲಿ ಎದುರಾದಾಗಲೇ ಅಲ್ಲವೇ ಅದು ತಲೆಯಲ್ಲಿ ನಿಲ್ಲುವುದು? 2020ರಲ್ಲಿ ಕ್ವಾರಂಟೈನ್, ಸ್ಯಾನಿಟೈಸರ್, ಆಕ್ಸಿಮೀಟರ್ ಎಂಬ ಪದಗಳನ್ನು ಇಡೀ ನಾಡು ಯಾವ ಗೈಡೂ ಇಲ್ಲದೆ ಕಲಿಯಿತು. ಶಾಲೆಗಳು ಆಗ ಮುಚ್ಚಿದ್ದವು ಎಂಬುದನ್ನೂ ಗಮನಿಸಿ.

ಕೇಶಿರಾಜನನ್ನು ಸಾಕ್ಷಿಗೆ ಕರೆಯುವಷ್ಟು ಧಾರ್ಷ್ಟ್ಯವೂ ಈ ಎದುರಾಳಿಗಿದೆ. ಸಂಸ್ಕೃತ ಪದಗಳು ಕನ್ನಡದ ಬಾಯಿಗೆ ಹೊಂದಿ ತದ್ಭವವಾಗುವ ಬಗೆಯನ್ನು ಹದಿಮೂರನೆಯ ಶತಮಾನದಲ್ಲೇ ಕೇಶಿರಾಜನ ಶಬ್ದಮಣಿದರ್ಪಣ ಬಿಡಿಸಿಟ್ಟಿತು. ಈಗಲೂ ಕನ್ನಡ ಪೀರಿಯಡ್ಡಿನಲ್ಲಿ 'ಆಶ್ಚರ್ಯ'ಕ್ಕೆ 'ಅಚ್ಚರಿ' ಎಂದು ಬರೆದ ಹುಡುಗನಿಗೆ ಅಂಕ ಸಿಗುತ್ತದೆ. ಮುಂದಿನ ಪೀರಿಯಡ್ಡಿನಲ್ಲಿ ಅವನೇ 'ಇಸ್ಕೂಲು', 'ಟೇಸನ್ನು', 'ಬಾಟ್ಲಿ' ಎಂದರೆ ಕಿವಿ ಹಿಂಡುತ್ತಾರೆ. ನಾಲಿಗೆ ಮಾಡಿದ ಕೆಲಸ ಎರಡೂ ಕಡೆ ಒಂದೇ.

ಸಿದ್ಧಾಂತ. ಎದುರಾಳಿಯ ವಾದ ಸುಂದರವಾಗಿದೆ. ಆದರೆ ಪ್ರಶ್ನೆಪತ್ರಿಕೆಯಲ್ಲಿ ಇಲ್ಲ. ಪ್ರಶ್ನೆಪತ್ರಿಕೆಯಲ್ಲಿ ಇರುವುದು ಇದು: ಕೆಳಗಿನ ನಾಲ್ಕು ಪದಗಳಲ್ಲಿ ಎರಡು ಸಿಲಬಲ್ ಇರುವುದು ಯಾವುದು? ಎ ಪಟ್ಟಿಯ ಪದಕ್ಕೆ ಬಿ ಪಟ್ಟಿಯಲ್ಲಿ ಜೊತೆಯಾಗಿ ಬರುವ ಪದ ಯಾವುದು? ಮೊದಲನೆಯದಕ್ಕೆ ಪದದ ಅರ್ಥವೇ ಬೇಡ, ಬೆರಳು ಮಡಚಿ ಎಣಿಸಿದರೆ ಒಂದು ಅಂಕ ಬಂತು. ಎರಡನೆಯದು ನಿಜವಾಗಿ ಒಳ್ಳೆಯ ಪ್ರಶ್ನೆ. ಪದಗಳಿಗೆ ನೆಂಟಸ್ತಿಕೆ ಇರುತ್ತದೆ, 'ಫಾಸ್ಟ್' ಎಂಬುದು 'ಫುಡ್' ಪಕ್ಕ ಕೂರುವ ಹಾಗೆ 'ಕ್ವಿಕ್' ಕೂರುವುದಿಲ್ಲ ಎಂಬುದನ್ನು ಅದು ಕೇಳುತ್ತದೆ. ಬೇಕರಿಯ ಬೋರ್ಡು ನೋಡಿದ ಯಾವ ಮಗುವಾದರೂ ಇದಕ್ಕೆ ಉತ್ತರಿಸೀತು. ಆದ್ದರಿಂದ ಶಾಸ್ತ್ರವು ಬುದ್ಧಿವಂತಿಕೆಯಿಂದ ಇದಕ್ಕೊಂದು ಪರಿಹಾರ ಕಂಡುಕೊಂಡಿದೆ: ಕಳೆದ ಐದು ವರ್ಷದ ಪೇಪರುಗಳಲ್ಲಿ ಬಂದ ಜೋಡಿಗಳನ್ನು ಒಂದು ಹಾಳೆಯಲ್ಲಿ ಝೆರಾಕ್ಸ್ ಮಾಡಿಸಿ ಫೆಬ್ರವರಿಯಲ್ಲಿ ಹಂಚುವುದು. ನೆಂಟಸ್ತಿಕೆ ಬೋರ್ಡಿನಲ್ಲಿ ಕಂಡರೆ ಅದು ಬೀದಿಯ ಪದ; ಝೆರಾಕ್ಸಿನಲ್ಲಿ ಕಂಡರೆ ಪರೀಕ್ಷೆಯ ಪದ.

ಉಪಗ್ರಂಥಗಳ ವಿಷಯ ಹೆಚ್ಚು ಹೇಳಲಾರೆ. ನಾರ್ಮನ್ ಲೂಯಿಸ್ 1949ರಲ್ಲಿ ಹೊರತಂದ 'ವರ್ಡ್ ಪವರ್ ಮೇಡ್ ಈಸಿ' ಈಗಲೂ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಸಿಗುತ್ತದೆ. ಕೊಂಡ ಪ್ರತಿಗಳಲ್ಲಿ ಮೊದಲ ಕೆಲವು ಪುಟಗಳಷ್ಟೇ ಪೆನ್ಸಿಲ್ ಗುರುತಿನಿಂದ ಕೊಳೆಯಾಗಿ, ಉಳಿದವು ಅಚ್ಚಿನಿಂದ ಇಳಿದ ಹಾಗೇ ಇರುತ್ತವೆ. ರ‍್ಯಾಪಿಡೆಕ್ಸ್ ಜಾಹೀರಾತಿನಲ್ಲಿ ಕಪಿಲ್ ದೇವ್ ಬಂದರೆಂದೇ ಎಷ್ಟೋ ಅಪ್ಪಂದಿರು ಆ ಇಂಗ್ಲಿಷ್ ಕಲಿಕೆಯ ಪುಸ್ತಕ ತಂದರು. ಮಕ್ಕಳು ಬೋಲಿಂಗ್ ಕಲಿತರು. ಹಾಗೆ ನೋಡಿದರೆ ಎಲ್‌ಬಿಡಬ್ಲ್ಯೂ, ಯಾರ್ಕರ್, ಓವರ್‌ಥ್ರೋ, ರನ್‌ರೇಟು ಇವುಗಳ ಅರ್ಥವನ್ನು ನಮ್ಮ ಮಕ್ಕಳು ಅಂಪೈರಿನ ಜೊತೆ ಜಗಳಾಡುವಷ್ಟು ಖಚಿತವಾಗಿ ಬಲ್ಲರು. ಅಂಥ ಜಗಳಕ್ಕೆ ಶಾಲೆಯಲ್ಲಿ ಅಂಕವಿಲ್ಲದ ಕಾರಣ ಇದೂ ನಮ್ಮ ಶಾಸ್ತ್ರಕ್ಕೆ ಹೊರಗು.

ಕೊನೆಗೆ ಫಲಶ್ರುತಿ. ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದಿದ ವಿದ್ಯಾರ್ಥಿಗೆ ಸಿಲಬಲ್ಲಿನ ಒಂದು ಅಂಕ ಲಭಿಸುತ್ತದೆ. ಓದಿಸಿದ ಶಿಕ್ಷಕರಿಗೆ ಫಲಿತಾಂಶ ವಿಶ್ಲೇಷಣೆಯ ಸಭೆಯಲ್ಲಿ ಹಿಂದಿನ ಸಾಲಿನ ಕುರ್ಚಿ ದೊರೆಯುತ್ತದೆ. ಅಚ್ಚು ಹಾಕಿದ ಗೈಡುಕಾರರಿಗೆ ಮುಂದಿನ ವರ್ಷ ಪಠ್ಯ ಬದಲಾಗಿ ಹೊಸ ಆವೃತ್ತಿಯ ಯೋಗವುಂಟು. ಪೂರ್ವಪಕ್ಷವನ್ನು ಮಾತ್ರ ಓದಿ ಸಿದ್ಧಾಂತ ಬಿಟ್ಟವರಿಗೆ ಯೂರಿಯಾ ಚೀಲದ ಮೇಲಿನ ಅಕ್ಷರಗಳು ಅರ್ಥವಾಗತೊಡಗುತ್ತವೆ. ಅಂಥವರು ಮೂಟೆಗೆ ಕೊಕ್ಕೆ ಹಾಕಿ ಎಳೆಯುವ ಹಮಾಲಿಯನ್ನು ತಡೆದು, "ಅಣ್ಣಾ, ಕೊಕ್ಕೆ ಹಾಕಬಾರದು ಅಂತ ಬರೆದಿದೆ" ಎಂದು ಹೇಳಿ, "ಶಾಣ್ಯಾ ಅದೀ ಬಿಡು, ನೀನೇ ಹೊರು" ಎಂಬ ಉತ್ತರ ಪಡೆಯುತ್ತಾರೆ.