ಖಾರ ಬೀಳುವ ಮುಂಚೆ

ಕೂಸಿಗೆ ಆರು ತಿಂಗಳು ತುಂಬುತ್ತಿದ್ದಂತೆ ಸಂಡೂರಿನ ಎಷ್ಟೋ ಅಡುಗೆಮನೆಗಳಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ: ಸೊಸೆಯದು ಮಿಕ್ಸಿ ಪಕ್ಷ, ಅತ್ತೆಯದು ಗಡಿಗೆ ಪಕ್ಷ. ಸೊಸೆಗೆ ಕೂಸಿನದೇ ಪುಟ್ಟ ಕುಕ್ಕರ್, ಕೂಸಿನದೇ ಬಟ್ಟಲು ಬೇಕು. ಕ್ಯಾರೆಟ್ಟು ನುಣ್ಣಗಾಗುವವರೆಗೆ ಮಿಕ್ಸಿ ಗರ್ರೆನ್ನಬೇಕು. ಅತ್ತೆ ಒಲೆಯ ಮುಂದಿಂದಲೇ ತೀರ್ಪು ಕೊಡುತ್ತಾಳೆ: "ಬ್ಯಾರೆ ಅಡಿಗಿ ಯಾಕವ್ವಾ? ಖಾರ ಹಾಕೋಕಿಂತ ಮುಂಚೇನ ಒಂದ್ ಸೌಟು ತಗದಿಟ್ರಾತು."

ಮಜಾ ಏನೆಂದರೆ, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದಕ್ಕೆ ತೀರ ದೂರವಿಲ್ಲ. ಆರು ತಿಂಗಳಿಂದ ಎದೆಹಾಲಿನ ಜೊತೆಗೆ ಮೆತ್ತನೆಯ ಊಟ. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನ ಮಕ್ಕಳು ಮನೆಮಂದಿಯ ಊಟವನ್ನೇ ಉಣ್ಣಬಲ್ಲರು. ಹಾಗೆಂದು ಅತ್ತೆ ಪೂರ್ತಿ ಗೆದ್ದಂತಲ್ಲ. ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸುವಂತಿಲ್ಲ, ಇಡೀ ಶೇಂಗಾ ಸಣ್ಣ ಮಕ್ಕಳ ಗಂಟಲಿಗೆ ಗಂಡಾಂತರ. ಈ ಎರಡು ವಿಷಯ ಬಂದಾಗ ಅತ್ತೆಗೆ ಕಿವಿ ಮಂದವಾಗುತ್ತದೆ.

ತೊಡಕಿರುವುದು ಊರಿನ ನಾಲಿಗೆಯಲ್ಲಿ. ಅಪ್ಪ-ಅವ್ವ ಉಣ್ಣುವುದೇ ಕೂಸಿಗೂ ಎಂದರೆ ಇಲ್ಲಿ ಬೆಳಿಗ್ಗೆ ಒಗ್ಗರಣಿ-ಮಿರ್ಚಿ. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಪುಡಿ, ನಂಜಿಕೊಳ್ಳಲು ಕೆಂಪು ಚಟ್ನಿ. ಇದರಲ್ಲಿ ಕೂಸಿಗೆ ಒಗ್ಗುವುದು ರೊಟ್ಟಿಯೊಂದೇ. ಹಂಚಿನ ಮೇಲೆ ಉಬ್ಬಿದ ರೊಟ್ಟಿಯ ತೆಳು ಪದರನ್ನು ಬಿಸಿಯಲ್ಲೇ ಎತ್ತಿ, ಚೂರು ಮಾಡಿ, ಬೇಳೆಕಟ್ಟಿನಲ್ಲಿ ನೆನೆಹಾಕಿ, ಎಲ್ಲೂ ಗಂಟು ಸಿಗದಂತೆ ಬೆರಳತುದಿಯಲ್ಲಿ ಕಿವುಚುತ್ತಾಳೆ ಅತ್ತೆ. ಕೂಸು ಮೂರು ತುತ್ತು ಸಮಾಧಾನದಿಂದ ತಿಂದು, ನಾಲ್ಕನೆಯದಕ್ಕೆ ಅಪ್ಪನ ತಟ್ಟೆಗೇ ಕೈ ಹಾಕುತ್ತದೆ.

ಈ ಜಗಳದಲ್ಲಿ ಸರ್ಕಾರ ಗಡಿಗೆ ಪಕ್ಷದ ಕಡೆಗೆ ವಾಲಿದಂತೆ ಕಾಣುತ್ತದೆ. 2017ರ ಅಕ್ಟೋಬರ್ 2ರಂದು ರಾಜ್ಯದೆಲ್ಲೆಡೆ ಆರಂಭವಾದ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರನ್ನು ಮಧ್ಯಾಹ್ನದ ಬಿಸಿಯೂಟಕ್ಕೆ ಅಂಗನವಾಡಿಗೇ ಕರೆಯಿತು. ಮಕ್ಕಳು ಉಣ್ಣುವ ಸೂರಿನಡಿಯೇ ತಾಯಂದಿರಿಗೂ ಅನ್ನ, ಸಾಂಬಾರು, ಮೊಟ್ಟೆ, ಹಾಲು. ಅದಕ್ಕೂ ಹಿಂದೆ, 2002ರಲ್ಲಿ ಶಾಲಾ ಮಕ್ಕಳ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಸಂಡೂರು ಇರುವ ಬಳ್ಳಾರಿಯೂ ಒಂದು. ಶಾಲೆಯ ಬಿಸಿಯೂಟವನ್ನು ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬುದು ನಿಯಮ. ಅಂದರೆ ಮಕ್ಕಳದ್ದನ್ನು ದೊಡ್ಡವರೂ ತಿನ್ನಬೇಕು! ಮೇಷ್ಟ್ರು ಆ ಮೊದಲ ತುತ್ತಿಗೆ ಎಂಥ ಮುಖ ಮಾಡುತ್ತಾರೆಂದು ತಟ್ಟೆ ಹಿಡಿದು ಕೂತ ಮಕ್ಕಳು ಅವರನ್ನೇ ಪರೀಕ್ಷಿಸುತ್ತಿರುತ್ತಾರೆ.

ಇನ್ನು ಸಪ್ಪೆ ಊಟ ಕೂಸಿನ ಪಾಲಿಗೆ ಮಾತ್ರ ಎಂದೇನಿಲ್ಲ. ದೊಡ್ಡವರಿಗೂ ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು ಎನ್ನುತ್ತದೆ ಅದೇ ಆರೋಗ್ಯ ಸಂಸ್ಥೆ. ಬಿಪಿ ಗುಳಿಗೆ ಶುರುವಾದ ತಾತನಿಗೆ ಡಾಕ್ಟರು ಇದನ್ನೇ ಗದರಿಸಿ ಹೇಳುತ್ತಾರೆ. ಆಮೇಲೆ ಅತ್ತೆ ತೆಗೆದಿಟ್ಟ ಸೌಟಿಗೆ ಇಬ್ಬರು ವಾರಸುದಾರರು. ಸೊಸೆ ಅತ್ತ ತಿರುಗಿದ್ದೇ ತಡ, ಇತ್ತ ಒಪ್ಪಂದ: ಮಿರ್ಚಿಯ ಮೇಲಿನ ಕಡಲೆಹಿಟ್ಟು ಮೊಮ್ಮಗನಿಗೆ, ಒಳಗಿನ ಮೆಣಸಿನಕಾಯಿ ತಾತನಿಗೆ. ಇಬ್ಬರೂ ಕೈ ಒರೆಸಿಕೊಳ್ಳುವುದು ಮಾತ್ರ ತಾತನ ಧೋತರಕ್ಕೇ.