ಕೋವಿಯ ಮೂತಿ ಬಿಚ್ಚುವ ವಿಧಾನ

ಅಮೆರಿಕದಲ್ಲಿದ್ದುಕೊಂಡು ಸ್ವಂತ ರೈಫಲ್, ಗರಾಜಿನಲ್ಲೊಂದು ಬೆಂಚ್ ವೈಸ್, ಮಾಡಲು ಬೇರೆ ಕೆಲಸವಿಲ್ಲದ ಒಂದು ಶನಿವಾರ, ಈ ಮೂರನ್ನೂ ಕಾನೂನುಬದ್ಧವಾಗಿ ಹೊಂದಿರುವವರಿಗೆ ಈ ಕೈಪಿಡಿ. ಎಆರ್-15 ರೈಫಲ್ಲಿನ ನಳಿಗೆಯ ತುದಿಗೆ ತಿರುಪಿ ಕೂರಿಸಿದ ಹೆಬ್ಬೆರಳುದ್ದದ ಉಕ್ಕಿನ ಕೊಳವೆ ಜಪ್ಪಯ್ಯ ಎಂದರೂ ಅಲ್ಲಾಡುತ್ತಿಲ್ಲ. ಅದನ್ನು ಬಿಚ್ಚಬೇಕು. ಬಿಚ್ಚಿದ ಮೇಲೂ ಕೋವಿ ಕೋವಿಯಾಗಿಯೇ ಉಳಿಯಬೇಕು.

ಮೊದಲು ಅದು ಅಲ್ಲಿ ಯಾಕಿದೆ ಎಂದು ನೋಡಿ. ಉದ್ದುದ್ದ ಸೀಳುಗಳಿದ್ದರೆ ಅದು ಫ್ಲ್ಯಾಶ್ ಹೈಡರ್. ಗುಂಡಿನ ಹಿಂದೆಯೇ ನುಗ್ಗಿ ಬರುವ ಉರಿಯನ್ನು ಚದುರಿಸುತ್ತದೆ. ವಿಯೆಟ್ನಾಮಿಗೆ ಮೊದಲು ಹೋದ ಎಂ-16 ರೈಫಲ್ಲುಗಳಿಗೆ ಮೂರು ಕವಲಿನದು ಇತ್ತು. ಅಲ್ಲಿನ ಗಿಡಗಂಟಿಯೆಲ್ಲ ಕವಲಿಗೆ ಸಿಕ್ಕಿಕೊಳ್ಳುತ್ತಿದ್ದುದರಿಂದ ತುದಿಯನ್ನು ಮುಚ್ಚಿದರು. ಮುಂದೆ ಎ2 ಮಾದರಿ ಬಂದಾಗ ಕೆಳಬದಿಯ ಸೀಳನ್ನೂ ಮುಚ್ಚಿದರು, ಮಲಗಿ ಗುಂಡು ಹಾರಿಸುವಾಗ ಧೂಳು ಏಳದಿರಲಿ ಎಂದು. ಅಡ್ಡಡ್ಡ ಕಿಂಡಿಗಳಿದ್ದರೆ ಅದು ಮಝಲ್ ಬ್ರೇಕ್. ಅನಿಲವನ್ನು ಅಕ್ಕಪಕ್ಕಕ್ಕೆ ತಳ್ಳಿ ಒದೆತವನ್ನು ತಗ್ಗಿಸುತ್ತದೆ. ಸುಖ ನಿಮ್ಮ ಭುಜಕ್ಕೆ, ಸದ್ದು ಪಕ್ಕದ ಮೇಜಿನವನ ಕಿವಿಗೆ. ಶೂಟಿಂಗ್ ರೇಂಜಿನಲ್ಲಿ ನಿಮ್ಮನ್ನು ಕಂಡ ಕೂಡಲೇ ಜನ ಗಂಟುಮೂಟೆ ಕಟ್ಟುತ್ತಿದ್ದರೆ ಬಿಚ್ಚಲು ಅಷ್ಟು ಕಾರಣ ಸಾಕು. ಕ್ಯಾಲಿಫೋರ್ನಿಯಾದಲ್ಲಿ ಕಾರಣ ಬೇರೆ: ಕಳಚಬಲ್ಲ ಮ್ಯಾಗಜೀನಿನ ಇಂಥ ಸೆಮಿ ಆಟೊಮ್ಯಾಟಿಕ್ ರೈಫಲ್ಲಿಗೆ ಫ್ಲ್ಯಾಶ್ ಹೈಡರ್ ಇದ್ದರೆ ಅಲ್ಲಿನ ಕಾನೂನು ಅದನ್ನು ‘ಅಸಾಲ್ಟ್ ವೆಪನ್’ ಪಟ್ಟಿಗೆ ಸೇರಿಸುತ್ತದೆ, ಬ್ರೇಕ್ ಇದ್ದರೆ ಸುಮ್ಮನಿರುತ್ತದೆ.

ಬೇಕಾಗುವ ಸಾಮಾನು

ಮುಕ್ಕಾಲು ಇಂಚಿನ ಸ್ಪ್ಯಾನರ್ ಒಂದು. ನಳಿಗೆಯನ್ನು ಅಪ್ಪಿ ಹಿಡಿಯುವ ವೈಸ್ ಬ್ಲಾಕ್ ಒಂದು ಜೊತೆ. ತುಕ್ಕು ಬಿಡಿಸುವ ಎಣ್ಣೆ. ಬಿಸಿ ಗಾಳಿಯ ಗನ್. ಇನ್ನೆಂದೂ ಅಡುಗೆಗೆ ಬಳಸದ ಒಂದು ಹಳೆಯ ಪಾತ್ರೆ. ಹೊಸ ಕ್ರಶ್ ವಾಷರ್. ಬಲ, ರುಚಿಗೆ ತಕ್ಕಷ್ಟು. ಆದರೆ ಅದನ್ನು ಎಲ್ಲಕ್ಕಿಂತ ಕೊನೆಗೆ ಹಾಕತಕ್ಕದ್ದು.

ಮಾಡುವ ವಿಧಾನ

ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ಹಿಂದಕ್ಕೆಳೆದು ಒಳಗೆ ಗುಂಡಿಲ್ಲವೆಂದು ಕಣ್ಣಿಂದ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಆಮೇಲೆ ಬೋಲ್ಟನ್ನೇ ಹೊರತೆಗೆದು ಬೇರೆ ಮೇಜಿನ ಮೇಲಿಡಿ. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಮುಂದಿನ ಒಂದು ಗಂಟೆ ನೀವು ಕೋವಿಯ ಬಾಯಿಗೆ ಮುಖ ಕೊಟ್ಟೇ ನಿಲ್ಲಬೇಕಾಗಿದೆ.

ಇನ್ನು ದಿಕ್ಕು. ಬಾಯಿಯ ಕಡೆ ನಿಂತು ನೋಡಿದರೆ ಎಆರ್‌ನ ತಿರುಪು ಗಡಿಯಾರದ ಮುಳ್ಳಿಗೆ ಎದುರಾಗಿ ಬಿಚ್ಚುತ್ತದೆ. ಹಿಡಿಯ ಕಡೆಯಿಂದ ಬಗ್ಗಿ ನೋಡಿ ತಿರುಗಿಸುವ ಪುಣ್ಯಾತ್ಮರು ಇನ್ನಷ್ಟು ಬಿಗಿ ಮಾಡುತ್ತಾರೆ, ಅಲ್ಲಾಡದಿದ್ದರೆ ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸುತ್ತಾರೆ. ನಿಮ್ಮದು ಎಕೆಎಂ ಜಾತಿಯ ರೈಫಲ್ ಆಗಿದ್ದರೆ ಇಷ್ಟನ್ನೂ ತಲೆಕೆಳಗು ಮಾಡಿಕೊಳ್ಳಿ. ಅದರದು 14 ಮಿಲಿಮೀಟರಿನ ಎಡಗೈ ತಿರುಪು. ಪಕ್ಕದಲ್ಲೊಂದು ಸ್ಪ್ರಿಂಗ್ ಮೊಳೆಯೂ ಇರುತ್ತದೆ. ಅದನ್ನು ಒತ್ತಿ ಹಿಡಿಯದೆ ಭೀಮ ಬಂದರೂ ತಿರುಗಿಸಲಾರ.

ಎಲ್ಲಿ ಹಿಡಿಯಬೇಕು ಎಂಬಲ್ಲಿಯೇ ಬಹಳ ಮಂದಿ ಎಡವುತ್ತಾರೆ. ರೈಫಲ್ಲಿನ ಮೇಲ್ಭಾಗದ ದೇಹ, ಅಪ್ಪರ್ ರಿಸೀವರ್, ಅಲ್ಯೂಮಿನಿಯಮ್ಮಿನದು. ನಳಿಗೆ ಉಕ್ಕಿನದು. ನಳಿಗೆ ತನ್ನ ಜಾಗದಲ್ಲಿ ತಿರುಗದಂತೆ ಒಂದು ಚಿಕ್ಕ ಪಿನ್ನು ಅಲ್ಯೂಮಿನಿಯಮ್ಮಿನ ಕಚ್ಚಿನಲ್ಲಿ ಕೂತಿರುತ್ತದೆ. ನೀವು ದೇಹವನ್ನು ವೈಸಿಗೆ ಕೊಟ್ಟು ಮೂತಿಯನ್ನು ತಿರುಚಿದರೆ ನಿಮ್ಮ ಅಷ್ಟೂ ಶಕ್ತಿ ಬೀಳುವುದು ಆ ಪಿನ್ನಿನ ಮೇಲೆ. ಪಿನ್ನು ಉಕ್ಕಿನದು, ಅದಕ್ಕೇನೂ ಆಗದು, ಕಚ್ಚು ಅಗಲವಾಗುತ್ತದೆ. ಆಮೇಲೆ ಗುರಿಕಣ್ಣು ಒಂದು ಕಡೆ, ಗುಂಡು ಒಂದು ಕಡೆ. ಆದ್ದರಿಂದ ನಳಿಗೆಯನ್ನೇ ಹಿಡಿಯಿರಿ, ಬಾಯಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಹಿಂಬದಿಯಿಂದ ನಳಿಗೆಯ ಒಳಹಲ್ಲುಗಳಿಗೆ ಕಚ್ಚಿಕೊಳ್ಳುವ ಕಬ್ಬಿಣದ ದಂಡವೂ ಅಂಗಡಿಗಳಲ್ಲಿ ಸಿಗುತ್ತದೆ.

ಆದರೂ ಬಾರದಿದ್ದರೆ

ಈಗ ಎರಡನೆಯ ಸುತ್ತಿನ ಪೈಪಿಗೆ ಕೈ ಹೋಗುತ್ತದೆ. ತಡೆಯಿರಿ. ಒಳಗೆ ಯಾರು ಹಿಡಿದಿದ್ದಾರೆ ಎಂದು ತಿಳಿಯದೆ ಎಳೆಯುವುದರಲ್ಲಿ ಅರ್ಥವಿಲ್ಲ. ತುಕ್ಕೋ ಮಸಿಯೋ ಆಗಿದ್ದರೆ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ, ಬೆಳಿಗ್ಗೆ ಮೆಲ್ಲಗೆ ಎರಡು ಏಟು ಕೊಡಿ. ಸಾಮಾನ್ಯವಾಗಿ ಅಷ್ಟರಲ್ಲೇ ದಾರಿಗೆ ಬರುತ್ತದೆ.

ಕೆಂಪು ಲಾಕ್‌ಟೈಟ್ ಅಂಟು ಹಾಕಿದ್ದರೆ ಎಣ್ಣೆ ಅದಕ್ಕೆ ತಾಗುವುದೇ ಇಲ್ಲ. ಅದಕ್ಕೆ ಶಾಖ ಬೇಕು. ಸುಮಾರು 250 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದಾಗ ಅಂಟು ಸೋಲುತ್ತದೆ, ಬಿಸಿಯಿರುವಾಗಲೇ ತಿರುಗಿಸಬೇಕು. ನಳಿಗೆ ಕೆಂಪಗಾಗುವವರೆಗೆ ಬೆಂಕಿ ಹಿಡಿಯಬೇಡಿ, ಉಕ್ಕಿನ ಹದ ಕೆಡುತ್ತದೆ. ಬಾಗಿಲು ತೆರೆದಿಡಿ, ಮೂತಿಯೊಳಗಿನ ಮಸಿಯಲ್ಲಿ ಸೀಸ ಇರುತ್ತದೆ.

ಹಿಂದಿನ ಮಾಲೀಕ ಹಾಕಿದ್ದು ರಾಕ್‌ಸೆಟ್ ಆಗಿದ್ದರೆ ಮೇಲಿನ ಸಲಹೆಯೆಲ್ಲ ವ್ಯರ್ಥ. ಸೈಲೆನ್ಸರ್ ತೊಡಿಸುವವರು ಇದನ್ನು ಬಳಸುವುದು ಕಾದ ನಳಿಗೆಯ ಮೇಲೂ ಅಂಟು ಬಿಡಬಾರದೆಂದೇ. ಸಾವಿರ ಡಿಗ್ರಿಗೂ ಜಗ್ಗದ ಸೆರಾಮಿಕ್ ಜಾತಿಯ ಅಂಟು ಅದು. ಅದರ ಮುಂದೆ ಬಿಸಿ ಗಾಳಿ ಹಿಡಿದು ನಿಂತವರದು ಕೈಲಾಗದವನು ಮೈ ಪರಚಿಕೊಂಡ ಕಥೆ. ಆದರೆ ಬೆಂಕಿಗೆ ಬಗ್ಗದ ಈ ವೀರ ನೀರಿಗೆ ಕರಗುತ್ತಾನೆ. ನಳಿಗೆಯ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ರಾತ್ರಿಯಿಡೀ ಬಿಡಿ, ನಡುವೆ ನೀರು ಬದಲಿಸಿ. ಬೆಳಿಗ್ಗೆ ತಿರುಗಿಸಿದರೆ ಹಿಟ್ಟು ಉದುರುವ ಹಾಗೆ ಬಿಳಿ ಪುಡಿ ಉದುರುತ್ತದೆ. ನಳಿಗೆಯನ್ನು ಕೂಡಲೇ ಒರೆಸಿ ಎಣ್ಣೆ ಹಚ್ಚದಿದ್ದರೆ ತುಕ್ಕಿನ ಅಧ್ಯಾಯ ಮೊದಲಿಂದ. ಹಳೆಯ ಪಾತ್ರೆ ಬೇಕೆಂದದ್ದು ಇದಕ್ಕೇ, ಸೀಸ ಬಿದ್ದ ಪಾತ್ರೆಯಲ್ಲಿ ಸಾರು ಮಾಡಬಾರದು.

ಯಾವ ಅಂಟು ಎಂದು ಗೊತ್ತಿಲ್ಲವೇ? ಮೊದಲು ನೀರು, ಆಮೇಲೆ ಶಾಖ. ಒರೆಸಿ ಎಣ್ಣೆ ಹಚ್ಚಿದರೆ ನೀರಿನಿಂದ ಏನೂ ಹಾಳಾಗದು.

ಎಲ್ಲ ಬಿಟ್ಟು ನಿಲ್ಲಿಸಬೇಕಾದ ಸಂದರ್ಭ

ಮೂತಿಯ ಬುಡದ ಸುತ್ತ ಕಣ್ಣಿಟ್ಟು ನೋಡಿ. ಎಲ್ಲಾದರೂ ಮೆಣಸಿನ ಕಾಳಿನ ಗಾತ್ರದ ಬೆಸುಗೆಯ ಚುಕ್ಕೆ, ಉಜ್ಜಿ ಬಣ್ಣ ಬಳಿದ ಗುರುತು ಕಂಡರೆ ಸ್ಪ್ಯಾನರ್ ಕೆಳಗಿಡಿ. ಅಮೆರಿಕದ 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ಪ್ರಕಾರ ರೈಫಲ್ ನಳಿಗೆ 16 ಇಂಚಿಗಿಂತ ಗಿಡ್ಡವಾದರೆ ಅದಕ್ಕೆ ಮೊದಲೇ ನೋಂದಣಿ ಆಗಿರಬೇಕು. ಸೈನ್ಯದ ಎಂ4ರ ಹಾಗೆ ಹದಿನಾಲ್ಕೂವರೆ ಇಂಚಿನ ನಳಿಗೆ ಬೇಕೆನ್ನುವವರು ತುದಿಯ ಸಾಧನವನ್ನು ಪಿನ್ನು ಹೊಡೆದು ಬೆಸೆದುಬಿಡುತ್ತಾರೆ. ಶಾಶ್ವತವಾಗಿ ಬೆಸೆದದ್ದು ಲೆಕ್ಕಕ್ಕೆ ಸೇರಿ ಹದಿನಾರು ತುಂಬುತ್ತದೆ. ಇದನ್ನು ನೀವು ಯಶಸ್ವಿಯಾಗಿ ಬಿಚ್ಚಿದಿರಿ ಎಂದುಕೊಳ್ಳಿ. ಆ ಕ್ಷಣದಿಂದ ನಿಮ್ಮ ಕೈಯಲ್ಲಿರುವುದು ನೋಂದಣಿಯಿಲ್ಲದ ಗಿಡ್ಡ ರೈಫಲ್, ಶಿಕ್ಷೆ 10 ವರ್ಷದವರೆಗೂ ಹೋಗಬಹುದು. ಜಗತ್ತಿನ ಯಾವ ನಟ್ಟು ಬಿಚ್ಚಿದ್ದಕ್ಕೂ ಇಷ್ಟು ದೊಡ್ಡ ಬಹುಮಾನ ಇರಲಿಕ್ಕಿಲ್ಲ. ನಳಿಗೆಯೇ ಹದಿನಾರು ಇಂಚಿದ್ದೂ ಬೆಸೆದಿರುವ ರೈಫಲ್ಲುಗಳೂ ಇವೆ. 1994ರಿಂದ 2004ರವರೆಗಿದ್ದ ‘ಅಸಾಲ್ಟ್ ವೆಪನ್’ ನಿಷೇಧ ಕಾಯ್ದೆ ತಿರುಪಿರುವ ನಳಿಗೆಯನ್ನೂ ತಪ್ಪಿನ ಪಟ್ಟಿಯಲ್ಲಿಟ್ಟಿದ್ದರಿಂದ ತಯಾರಕರು ಬ್ರೇಕನ್ನು ಬೆಸೆದು ತಿರುಪನ್ನು ಮರೆಮಾಡುತ್ತಿದ್ದರು. ಯಾವುದು ಯಾವುದೆಂದು ಅಳೆದು ಹೇಳಲು ಗನ್‌ಸ್ಮಿತ್ ಇದ್ದಾನೆ. ಅವನ ಬಳಿಗೆ ಹೋಗುವುದು ಸೋಲೇನಲ್ಲ. ಹೋದವರ ಕಚ್ಚು ಅಗಲವಾಗಿಲ್ಲ.

ಭಾರತದಲ್ಲಿ ಕೂತು ಇದನ್ನು ಓದುತ್ತಿರುವವರು ಓದಿ ನಕ್ಕು ಬಿಡತಕ್ಕದ್ದು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೋವಿ ರಿಪೇರಿ ಕಸುಬಿಗೇ ಬೇರೆ ಲೈಸನ್ಸ್ ಬೇಕು, ನಳಿಗೆ ಗಿಡ್ಡ ಮಾಡುವುದಕ್ಕೆ ಇನ್ನೊಂದು ಕಲಮು ಇದೆ. ಕೋವಿ ಇಟ್ಟುಕೊಳ್ಳಲು ವಿನಾಯಿತಿ ಪಡೆದಿರುವ ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಈ ಮೂತಿ ಬಿಚ್ಚುವ ಕಷ್ಟವೇ ಇಲ್ಲ. ಕೈಲ್ ಪೊಳ್ದ್ ಹಬ್ಬದ ದಿನ ಹೂ ಮುಡಿಸಿ ಪೂಜೆಗಿಡುವ ತೋಟಾ ಕೋವಿಗಳ ಬಾಯಿ ಸಾಮಾನ್ಯವಾಗಿ ಬೋಳು.

ಅಂತೂ ಬಿಚ್ಚಿದಿರಿ ಎನ್ನೋಣ. ತಿರುಪನ್ನು ಬ್ರಷ್ಷಿನಿಂದ ಒರೆಸಿ, ಹೊಸ ಸಾಧನವನ್ನು ಮೊದಲು ಬೆರಳಲ್ಲೇ ಕೂರಿಸಿ, ನೆಟ್ಟಗಿದೆಯೇ ನೋಡಿ. ಓರೆಯಾಗಿ ಕೂತರೆ ಹೊರಬರುವ ಗುಂಡು ಅದಕ್ಕೇ ತಾಗುತ್ತದೆ. ಹಳೆಯ ಕ್ರಶ್ ವಾಷರನ್ನು ಎಸೆಯಿರಿ. ಅದು ನಜ್ಜಿ ಹಿಡಿಯುವುದು ಒಂದೇ ಸಲ.