ಪೊಳ್ಳಾಚಿಯ ಉಬ್ಬರವಿಳಿತ

ಪೊಳ್ಳಾಚಿಯಲ್ಲಿ ಇಲ್ಲದ್ದು ಕಡಿಮೆ. ತೆಂಗಿದೆ, ಬೆಲ್ಲವಿದೆ, ದನದ ಸಂತೆಯಿದೆ, ತಲೆಯೆತ್ತಿದರೆ ಆನೆಮಲೆಯಿದೆ. ಸಿನಿಮಾದವರು ಬಂದು ತಮಗೆ ಬೇಕಾದ ಹಳ್ಳಿ, ಹೊಳೆ, ಜಮೀನ್ದಾರರ ಮನೆ ಎಲ್ಲವನ್ನೂ ಇಲ್ಲೇ ಹುಡುಕಿಕೊಂಡು, ಊರಿನ ಹೆಸರು ಮಾತ್ರ ಬದಲಾಯಿಸಿ ಜಗತ್ತಿಗೆ ತೋರಿಸುತ್ತಾರೆ. ನೆಗಮದ ಕಡೆ, ಮನೆಯೊಳಗೆ ಕನ್ನಡ ಬೀದಿಯಲ್ಲಿ ತಮಿಳು ಆಡುತ್ತ ಹತ್ತಿ ಸೀರೆ ನೇಯುವ ನಮ್ಮಂಥ ದೇವಾಂಗರಿದ್ದೇವೆ. ಮನೆಯೊಳಗಿನ ಕನ್ನಡದಲ್ಲೂ ಅರ್ಧ ತಮಿಳೇ ಎಂದು ಮೈಸೂರಿನ ನೆಂಟರು ನಗುತ್ತಾರೆ, ನಗಲಿ. ಇಷ್ಟೆಲ್ಲ ಇರುವ ಸೀಮೆಗೆ ಸಮುದ್ರವೊಂದಿಲ್ಲ. ಅದಕ್ಕಾಗಿ ಯಾರೂ ಕೊರಗಿದ್ದನ್ನು ನಾನು ಕಂಡಿರಲಿಲ್ಲ, ನನ್ನ ಅಕ್ಕನ ಮಗ ಅಮೆರಿಕದಿಂದ ಬರುವವರೆಗೆ.

ಅವನಿರುವುದು ಮೇರಿಲ್ಯಾಂಡಿನಲ್ಲಿ, ಚೆಸಪೀಕ್ ಕೊಲ್ಲಿಯ ಹತ್ತಿರ. ಅಲ್ಲಿ ವಾರದ ರಜೆ ಬಂತೆಂದರೆ ಇಬ್ಬರು ಮೂವರು ಒಂದು ಸಣ್ಣ ದೋಣಿಯಲ್ಲಿ ಕೂತು ಪರ್ಚ್ ಎಂಬ ಅಂಗೈಯಗಲದ ಬಿಳಿ ಮೀನು ಹಿಡಿಯಲು ಹೋಗುತ್ತಾರಂತೆ. ಎರೆಹುಳು ಚುಚ್ಚಿ, ಬೆಂಡು ತೇಲಿಬಿಟ್ಟು, ದಡದಲ್ಲಿ ತೂಕಡಿಸುವ ನಮ್ಮ ಪದ್ಧತಿ ಅದಲ್ಲ. ಸೀಸದ ಗುಂಡು ಎರಕ ಹೊಯ್ದ ಪುಟ್ಟ ಕೊಕ್ಕೆಯನ್ನು ದಾರದಲ್ಲಿ ತಳಕ್ಕೆ ಇಳಿಬಿಡಬೇಕು. ತಳ ಮುಟ್ಟಿದ್ದು ಕೈಗೆ ತಿಳಿಯಬೇಕು. ಆಮೇಲೆ ಒಂದಡಿ ಮೇಲಕ್ಕೆ ಚಿಮ್ಮಿಸುವುದು, ಮತ್ತೆ ಬೀಳಲು ಬಿಡುವುದು. ಗಾಯಗೊಂಡ ಮರಿಮೀನೊಂದು ಏಳುತ್ತ ಬೀಳುತ್ತ ಒದ್ದಾಡುತ್ತಿದೆ ಎಂದು ದೊಡ್ಡ ಮೀನು ನಂಬಬೇಕು. ಕಚ್ಚುವುದು ಹೆಚ್ಚಾಗಿ ಕೊಕ್ಕೆ ಕೆಳಗಿಳಿಯುವಾಗ. ಎಲ್ಲಕ್ಕಿಂತ ಮುಖ್ಯ, ಕೊಲ್ಲಿಯ ನೀರು ಏರುತ್ತಲೋ ಇಳಿಯುತ್ತಲೋ ಇರಬೇಕು. ನಿಂತ ನೀರಿನಲ್ಲಿ ಪರ್ಚ್ ಬಾಯಿ ತೆರೆಯುವುದಿಲ್ಲವಂತೆ.

ಜುಲೈ ತಿಂಗಳ ರಜೆಗೆ ಬಂದವನು ಪೆಟ್ಟಿಗೆಯಿಂದ ಮೊದಲು ತೆಗೆದದ್ದು ಚಾಕೊಲೇಟಲ್ಲ, ಇಂಥ ಬಣ್ಣಬಣ್ಣದ ಕೊಕ್ಕೆಗಳ ಡಬ್ಬಿ.

"ಮಾವ, ಆಳಿಯಾರಿನಲ್ಲಿ ನೀರು ಏರೋದು ಎಷ್ಟು ಗಂಟೆಗೆ?" ಎಂದ.

"ಜುಲೈ ತಿಂಗಳಿಗೆ" ಎಂದೆ.

ತಮಾಷೆ ಎಂದುಕೊಂಡ. ಅಲ್ಲ. ಪೊಳ್ಳಾಚಿಗೂ ಉಬ್ಬರವಿಳಿತ ಉಂಟು. ಚಂದ್ರನಿಗೂ ಅದಕ್ಕೂ ಸಂಬಂಧವಿಲ್ಲ, ಅಷ್ಟೆ. ನಮ್ಮಲ್ಲಿ ಉಬ್ಬರ ಬರುವುದು ಆನೆಮಲೆಯ ಮಳೆಯಿಂದ, ಇಳಿತ ಬರುವುದು ಸರ್ಕಾರದ ಆದೇಶದಿಂದ. ಪಡುವಣದ ಕಣಿವೆಗಳಿಗೆ ಹರಿದು ಹೋಗುತ್ತಿದ್ದ ನೀರನ್ನು ಬೆಟ್ಟದಲ್ಲೇ ತಡೆದು, ಸುರಂಗ ಕೊರೆದು, ಒಂದು ಅಣೆಯಿಂದ ಇನ್ನೊಂದಕ್ಕೆ ದಾಟಿಸಿ, ನಮ್ಮ ಒಣ ಸೀಮೆಗೆ ತಿರುಗಿಸಿದ್ದು ಪರಂಬಿಕುಳಂ–ಆಳಿಯಾರ್ ಯೋಜನೆ. ಆಳಿಯಾರ್ ಅಣೆಯ ಪೂರ್ಣ ಮಟ್ಟ 120 ಅಡಿ. ಮಟ್ಟ ಈಗ ಎಷ್ಟಿದೆ ಎಂಬುದನ್ನು ಇಲ್ಲಿನ ಜನ ಪೇಪರಿನಲ್ಲಿ ಚಿನ್ನದ ದರಕ್ಕಿಂತ ಮೊದಲು ನೋಡುತ್ತಾರೆ. ಮೇಲಿನ ಆಳಿಯಾರಿನ ನೀರು ನವಮಲೈ ವಿದ್ಯುದಾಗಾರದ ಚಕ್ರ ತಿರುಗಿಸಿ ಕೆಳಗಿನ ಅಣೆಗೆ ಬೀಳುತ್ತದೆ. ಅಲ್ಲಿಂದ ಹಳೆ ಆಯಕಟ್ಟಿಗೆ ಒಂದು ಪಾಲು, ಪೊಳ್ಳಾಚಿ ಕಾಲುವೆ, ವೇಟ್ಟೈಕ್ಕಾರನ್‌ಪುದೂರು ಕಾಲುವೆ, ಸೇತುಮಡೈ ಕಾಲುವೆಗಳ ಹೊಸ ಆಯಕಟ್ಟಿಗೆ ಒಂದು ಪಾಲು. ಇದಲ್ಲದೆ ಗಡಿಯ ಮಣಕ್ಕಡವು ಒಡ್ಡಿನ ಬಳಿ ಕೇರಳಕ್ಕೆ ವರ್ಷಕ್ಕೆ 7.25 ಟಿಎಂಸಿ ಅಳೆದು ಕೊಡಬೇಕು. ಆ ವರ್ಷ ಜನವರಿಗೆ ಹುಟ್ಟುವುದಿಲ್ಲ, ಯುಗಾದಿಗೂ ಹುಟ್ಟುವುದಿಲ್ಲ, ಜುಲೈ 1ಕ್ಕೆ ಹುಟ್ಟುತ್ತದೆ. ಎರಡು ರಾಜ್ಯಗಳು ಈ ಒಪ್ಪಂದಕ್ಕೆ ಸಹಿ ಹಾಕಿದ್ದು 1970ರಲ್ಲಿ, ಅದು ಜಾರಿಗೆ ಬಂದದ್ದು 1958ರಿಂದ. ಕಾಲವನ್ನೇ ಹಿಂದಕ್ಕೆ ಹರಿಸಬಲ್ಲವರಿಗೆ ನೀರು ಯಾವ ಲೆಕ್ಕ!

ಇಷ್ಟು ಕೇಳಿ ಹುಡುಗ, "ಹಾಗಾದರೆ ನಿಜವಾದ ಉಬ್ಬರ ಈ ನದಿಗೆ ಇಲ್ಲವೇ ಇಲ್ಲ" ಎಂದ. ಇದೆ, ಸ್ವಲ್ಪ ದೂರದಲ್ಲಿದೆ. ತಮಿಳುನಾಡಿನ ದೊಡ್ಡ ನದಿಗಳೆಲ್ಲ ಮೂಡಣಕ್ಕೆ ಹೊರಟರೆ ನಮ್ಮ ಆಳಿಯಾರು ಪಾಲಕ್ಕಾಡಿನ ಕಡೆಗೆ ಮುಖ ಮಾಡುತ್ತದೆ. ಕಣ್ಣಾಡಿ ಹೊಳೆಯನ್ನು ಸೇರಿ, ಭಾರತಪ್ಪುಳೆಯಾಗಿ, ಪೊನ್ನಾನಿಯಲ್ಲಿ ಅರಬ್ಬಿ ಸಮುದ್ರ ಮುಟ್ಟುತ್ತದೆ. ಅಲ್ಲಿ ಚಂದ್ರನ ಆಡಳಿತ.

ನೀರು ಆ ದಾರಿಯಲ್ಲಿ ಹೋದರೆ, ಅದೇ ದಾರಿಯಲ್ಲಿ ಬರುವುದು ಗಾಳಿ. ಪಾಲಕ್ಕಾಡಿನ ಕಣಿವೆಯಲ್ಲಿ ನುಗ್ಗುವ ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆಂದು ಇಲ್ಲಿಯ ಗಾದೆ. ಆ ಗಾಳಿಯಲ್ಲಿ, ಮೀನುಗಾರರ ಅನುಮತಿ ಪಡೆದು, ಒಂದು ಹರಿಗೋಲಿನಲ್ಲಿ ನಾವು ಹೊರಟೆವು: ಅವನು, ನಾನು, ಅವನ ಅಪ್ಪ ಅಂದರೆ ನಮ್ಮ ಭಾವ, ಮತ್ತು ಹುಟ್ಟು ಹಾಕುವ ಮೀನುಗಾರ ಅಣ್ಣ.

ಹರಿಗೋಲನ್ನು ಕಂಡುಹಿಡಿದವನು ಗಾಳ ಹಾಕುವವನಾಗಿರಲಾರ. ಬಿದಿರಿನ ಹಂದರ, ಮೇಲೆ ಟಾರು ಬಳಿದ ಹೊದಿಕೆ. ದುಂಡಗಿದೆ, ಹಗುರಾಗಿದೆ, ತಲೆಯ ಮೇಲೆ ಹೊತ್ತುಕೊಂಡು ನಡೆಯಬಹುದು. ಆದರೆ ಅದಕ್ಕೆ ಮುಂದೂ ಇಲ್ಲ ಹಿಂದೂ ಇಲ್ಲ. "ಅಣ್ಣಾ, ಇದರ ಮುಂಭಾಗ ಯಾವುದು?" ಎಂದು ಹುಡುಗ ಕೇಳಿದ್ದಕ್ಕೆ ಅಣ್ಣ ಯೋಚಿಸಿ, "ಈಗ ನೀವು, ತಂಬಿ" ಎಂದ. ಉತ್ತರ ಮುಗಿಯುವಷ್ಟರಲ್ಲಿ ಗಾಳಿ ಬೀಸಿ ಮುಂಭಾಗ ನಾನಾಗಿದ್ದೆ. ಹುಡುಗ ಕೊಕ್ಕೆ ಚಿಮ್ಮಿಸಿದ ಹಾಗೆಲ್ಲ ಹರಿಗೋಲು ಅಷ್ಟಷ್ಟೇ ತಿರುಗಿ, ನೇರ ಇಳಿಯಬೇಕಾದ ದಾರ ನಮ್ಮ ಅಡಿಯಿಂದ ನುಸುಳಿ ಭಾವನ ಕಡೆಯಿಂದ ಹೊರಗೆ ಬರುತ್ತಿತ್ತು.

ಕಾಟ್ಲಾ, ರೋಹು ಇವು ಈ ಅಣೆಯಲ್ಲಿವೆ. ಗಂಗೆಯ ಕಡೆಯ ಜಾತಿಗಳು, ಮರಿ ತಂದು ಬಿಡಬೇಕು. ನಾವು ಹುಡುಕುತ್ತಿದ್ದುದು ಯಾರೂ ಕರೆಯದೆ ಬೆಳೆಯುವ ತಿಲಾಪಿಯಾವನ್ನು, ಇಲ್ಲಿಯವರ ಜಿಲೇಬಿಯನ್ನು. 1952ರಲ್ಲಿ ಹೊರದೇಶದಿಂದ ಬಂದ ಈ ಮೀನು ಈಗ ಯಾವ ಕೆರೆಯಲ್ಲಿಲ್ಲ? ತಾಯಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುವ ಜಾತಿ, ವಂಶ ಹೇಗೆ ಅಳಿದೀತು! ಉಪ್ಪುನೀರಿಗೂ ಹೆದರುವುದಿಲ್ಲ. ಹಳೆಯ ಪುಸ್ತಕಗಳು ಇದನ್ನೂ ಪರ್ಚನ್ನೂ ಒಂದೇ ಗಣದಲ್ಲಿ ಕೂರಿಸಿದ್ದವು ಎಂಬುದೇ ನಮ್ಮ ಸಾಹಸಕ್ಕಿದ್ದ ಶಾಸ್ತ್ರಾಧಾರ.

ಮೀನು ಕಚ್ಚದ ಹೊತ್ತಿನಲ್ಲಿ ಮೀನಿನ ಕತೆಗಳು ಚೆನ್ನಾಗಿ ಕಚ್ಚುತ್ತವೆ. ತಮಿಳರು ಪನೈಯೇರಿ ಎನ್ನುವ ಮೀನಿನ ಮಾತು ಬಂತು. ತಾಳೆಮರ ಹತ್ತುವ ಮೀನು. ತರಂಗಂಬಾಡಿಯಲ್ಲಿ ಡೆನ್ಮಾರ್ಕಿನವರ ಪಡೆಯಲ್ಲಿದ್ದ ಡಾಲ್ಡಾರ್ಫ್ ಎಂಬ ಲೆಫ್ಟಿನೆಂಟ್ 1791ರಲ್ಲಿ ಕೆರೆದಂಡೆಯ ತಾಳೆಮರದ ತೊಗಟೆಯ ಬಿರುಕಿನಲ್ಲಿ, ನೀರಿನಿಂದ ಐದಡಿ ಮೇಲೆ, ಮೇಲಕ್ಕೇ ಏರುತ್ತಿದ್ದ ಮೀನನ್ನು ಕಂಡೆನೆಂದು ಬರೆದ. 1797ರಲ್ಲಿ ಅದು ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಹಕ್ಕಿ ಎತ್ತಿಕೊಂಡು ಹೋಗಿ ಅಲ್ಲಿ ಬಿಟ್ಟಿರಬೇಕು ಎಂದು ಆಮೇಲಿನವರು ಅನುಮಾನಪಟ್ಟರು. ಮೀನು ಗಾಳಿಯನ್ನೇ ಉಸಿರಾಡಬಲ್ಲದು, ಕಿವಿರುಮುಚ್ಚಳದ ಮುಳ್ಳೂರಿ ಒದ್ದೆ ನೆಲದ ಮೇಲೆ ತೆವಳಬಲ್ಲದು, ಅಷ್ಟು ನಿಜ. ಇಂಗ್ಲಿಷಿನಲ್ಲಿ ಅದೂ ಪರ್ಚೇ. ನಾನು ಲೆಫ್ಟಿನೆಂಟರ ಪಕ್ಷ. ಇಷ್ಟು ಸೌಕರ್ಯವಿರುವ ಮೀನು ಒಂದು ಸಲವಾದರೂ ಮರ ಹತ್ತಿ ನೋಡದಿದ್ದರೆ ಅದು ಸೋಮಾರಿತನ.

ಕತೆಯಿಂದ ಮಾತು ಮೀನಿನ ಪುಸ್ತಕಗಳಿಗೆ ಹೊರಳಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಭಾರತದ ಗಾಳದ ಮೀನುಗಾರಿಕೆಯ ಬಗ್ಗೆ ದಪ್ಪ ಪುಸ್ತಕವನ್ನೇ ಬರೆದರು; ಸಾಲದೆಂದು 1887ರಲ್ಲಿ ಕೆರೆಯ ಗಾಳದ ಬಗ್ಗೆ ಇನ್ನೊಂದು. ಆ ಕಾಲದ ಕಲೆಕ್ಟರುಗಳಿಗೆ ಬಿಡುವಿತ್ತೋ, ಇಲ್ಲ ಮೀನಿನ ನೆಪದಲ್ಲಿ ಜಿಲ್ಲೆಯನ್ನು ಸುತ್ತುತ್ತಿದ್ದರೋ. ಎರಡನೆಯದಾದರೆ ಈಗಲೂ ಒಳ್ಳೆಯ ಪದ್ಧತಿಯೇ.

ಅಷ್ಟು ಹೊತ್ತೂ ಮಗನ ಕೈಯನ್ನು ನೋಡುತ್ತ ಸುಮ್ಮನಿದ್ದ ಭಾವ, "ಕೊಡೋ ಇಲ್ಲಿ" ಎಂದು ಗಾಳದ ಕೋಲು ಕಿತ್ತುಕೊಂಡರು. ಅವರು ಜೀವಮಾನವಿಡೀ ಕುಣಿಮಗ್ಗದಲ್ಲಿ ಕೂತವರು. ಲಾಳಿಯ ಹಗ್ಗ ಎಳೆಯುವ ಹಾಗೆ, ತೋಳು ಅಲುಗಿಸದೆ ಮಣಿಕಟ್ಟಿನಲ್ಲೇ ಒಂದು ಚಿಮ್ಮು, ತಕ್ಷಣ ಸಡಿಲು. ಹರಿಗೋಲು ಮಿಸುಕಲಿಲ್ಲ. ಕೊಕ್ಕೆ ಎದ್ದಿತು, ಬಿತ್ತು. ಇನ್ನೊಮ್ಮೆ ಬೀಳುವಾಗ ದಾರ ಬಿಗಿಯಿತು. ಅಂಗೈಯಷ್ಟಿಲ್ಲದ ಜಿಲೇಬಿಯೊಂದು ಮುಳ್ಳಿನ ಬೆನ್ನು ನಿಗುರಿಸಿಕೊಂಡು ಒಳಗೆ ಬಂದು ಬಿತ್ತು. ಭಾವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮಗನಿಗೆ ವೀಸಾ ಬಂದ ದಿನವೂ ಕಂಡಿರಲಿಲ್ಲ.

ಮಗ ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿದ, ಫೋಟೋ ತೆಗೆದ, ಮೆಲ್ಲಗೆ ಮೀನನ್ನು ನೀರಿಗೆ ಬಿಟ್ಟುಬಿಟ್ಟ.

ಹುಟ್ಟು ನಿಂತಿತು. "ಯಾಕೆ ತಂಬಿ ಬಿಟ್ಟಿರಿ?"

"ನಮ್ಮ ಕಡೆ ಹಾಗೇ ಅಣ್ಣಾ. ಹಿಡಿಯೋದು, ಬಿಡೋದು."

"ಬಿಡೋದಕ್ಕೆ ಮೀನುಗಾರಿಕೆಯವರು ಇದ್ದಾರಲ್ಲ ತಂಬಿ, ಲಾರಿಯಲ್ಲಿ ಮರಿ ತಂದು ಅವರು ಬಿಡ್ತಾರೆ. ನಾವು ಹಿಡಿಯೋರು."

ಎರಡನೆಯ ಮೀನನ್ನು ಭಾವ ಮಗನ ಕೈಗೆ ಕೊಡಲೇ ಇಲ್ಲ. ತಾವೇ ಕೊಕ್ಕೆ ಬಿಡಿಸಿ, ಊಟದ ಡಬ್ಬಿಯ ಚೀಲಕ್ಕೆ ಹಾಕಿ, ಚೀಲವನ್ನು ಎರಡು ಕಾಲಿನ ನಡುವೆ ಇರುಕಿಕೊಂಡು ಕೂತರು. ದಡ ಸೇರಿದ ಮೇಲೆ ಅಣೆಯ ಹತ್ತಿರದ ಮೀನು ಹುರಿಯುವ ಅಂಗಡಿಗೆ ನೇರ ನಡೆದು, ಮಸಾಲೆ ಹಚ್ಚಿ ಹುರಿದುಕೊಡಲು ಕೇಳಿದರು. ಅಂಗಡಿಯಾಕೆ ಚೀಲ ಬಗ್ಗಿಸಿ ನೋಡಿ, "ಇದಕ್ಕೆ ಎಣ್ಣೆಯ ದುಡ್ಡೂ ಹುಟ್ಟೋದಿಲ್ಲ ಐಯಾ" ಎಂದು, ಮೆಣಸಿನ ಪುಡಿ ಮೆತ್ತಿದ ಕಾಟ್ಲಾದ ನಾಲ್ಕು ತುಂಡು ಬಾಣಲೆಗೆ ಇಳಿಸಿದಳು. ದುಡ್ಡು ಹುಡುಗನೇ ಕೊಟ್ಟ.